ಓದುಗರ ಪ್ರಶ್ನೆ: ಹಳೆಯ ಪಿಕಪ್‌ಗೆ ಬೊಲೆರೊ ಎಂಜಿನ್ ಹಾಕಿದರೆ ಗೇರ್‌ಬಾಕ್ಸ್ ಹಳೆಯದೇ ನಡೆಯುತ್ತಾ?

ಪ್ರಶ್ನೆ: ಮಹಾಲಿಂಗಪುರದ ಹತ್ರ ನಮ್ಮ ಹೊಲ ಐತ್ರಿ. ಅಜ್ಜನ ಕಾಲದ್ದೊಂದು ಪೆಟ್ರೋಲ್ ಮಹೀಂದ್ರಾ ಪಿಕಪ್ ನಿಂತೈತಿ, ಫೋರ್ ವೀಲ್. ಬಾಡಿ ಗಟ್ಟಿ ಐತಿ, ಎಂಜಿನ್ ಸತ್ತೈತಿ. ಬೆಲ್ಲ ಸಾಗ್ಸಾಕ ಬೊಲೆರೊ ಎಂಜಿನ್ ಹಾಕ್ಸಬೇಕಂತ ಮಾಡೀವಿ. ಬರೇ ಎಂಜಿನ್ ಸಾಕೇನ್ರಿ, ಗೇರ್‌ಬಾಕ್ಸ್, ಹಿಂದಿನ ಹೌಸಿಂಗೂ ಬದ್ಲಿ ಮಾಡಬೇಕೇನ್ರಿ? ಮೇಸ್ತ್ರಿ "ಪ್ಲೇಟ್ ಹೊಡದ್ರ ಕುಂದರ್ತೈತಿ" ಅಂತಾನ.

ಉತ್ತರ: ಪ್ಲೇಟ್ ಹೊಡೆದರೆ, ಅಂದರೆ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಜೋಡಣೆಯ ತಟ್ಟೆ ಹಾಕಿದರೆ, ಎಂಜಿನ್ ಕೂರುತ್ತದೆ, ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಆದರೆ ಬೆಲ್ಲದ ಪೆಂಟೆ ತುಂಬಿಕೊಂಡು ಓಡಬೇಕಾದ ಗಾಡಿ ನಿಮ್ಮದು. ಅದಕ್ಕೆ ರೇಡಿಯೇಟರ್‌ನಿಂದ ಹಿಡಿದು ಹಿಂದಿನ ಹೌಸಿಂಗ್‌ವರೆಗೆ (ಹಿಂದಿನ ಆಕ್ಸೆಲ್ ಮತ್ತು ಅದರ ಹಲ್ಲುಗಾಲಿಗಳ ಕವಚ) ಎಲ್ಲವೂ ಒಂದೇ ಗಾಡಿಯಿಂದ ಬಂದಿರಬೇಕು. ಎಂಜಿನ್ ಕೂರಿಸುವುದು ಈ ಕೆಲಸದಲ್ಲಿ ಹಗುರವಾದ ಭಾಗ. ಕೂತ ಮೇಲೆ ಎಲ್ಲೆಲ್ಲಿ ಮುರಿಯುತ್ತದೆ ಎನ್ನುವುದೇ ಇಲ್ಲಿನ ಲೆಕ್ಕ.

ಆ ಲೆಕ್ಕವನ್ನೇ ಹಾಕೋಣ. ನಿಮ್ಮ ಪಿಕಪ್‌ನಲ್ಲಿ ಮೂಲ ವಿಲ್ಲಿಸ್ ಹರಿಕೇನ್ ಪೆಟ್ರೋಲ್ ಎಂಜಿನ್ ಇದ್ದರೆ ಅದು ಸುಮಾರು 2200 ಸಿಸಿ, ಟಾರ್ಕ್ (ತಿರುಗಿಸುವ ಬಲ) 155 ನ್ಯೂಟನ್ ಮೀಟರ್ ಆಸುಪಾಸು. ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರಿನ ರೇಷಿಯೋ 2.8, ಹಿಂದಿನ ಹೌಸಿಂಗ್ ಒಳಗಿನ ಹಲ್ಲುಗಾಲಿ ಜೋಡಿ ಕ್ರೌನ್-ಪಿನಿಯನ್‌ದು 5.38. ಮೂರನ್ನೂ ಗುಣಿಸಿದರೆ ಹಿಂದಿನ ಆಕ್ಸೆಲ್‌ಗೆ ಹೋಗುವ ಬಲ ಸುಮಾರು 2,335 ನ್ಯೂಟನ್ ಮೀಟರ್. ಈಗ ಬೊಲೆರೊದ 2523 ಸಿಸಿ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್ ತೆಗೆದುಕೊಳ್ಳಿ, ಟಾರ್ಕ್ 195. ಅದರ ಹಿಂದೆ ಐದು ಗೇರಿನ ಬಾಕ್ಸ್ ಇದ್ದು ಮೊದಲ ಗೇರು 3.8 ಎಂದಿಟ್ಟುಕೊಂಡು, ಹೌಸಿಂಗ್ ಮಾತ್ರ ಹಳೆಯದೇ ಬಿಟ್ಟರೆ 195 × 3.8 × 5.38, ಅಂದರೆ ಸುಮಾರು 3,990. ಎಪ್ಪತ್ತು ಪ್ರತಿಶತ ಜಾಸ್ತಿ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಟೈರು ಮಣ್ಣಿನಲ್ಲಿ ಜಾರಿ ಕ್ರೌನನ್ನು ಉಳಿಸುತ್ತದೆ. ಹಿಂದೆ ಒಂದು ಟನ್ ಭಾರ ಕೂತಾಗ ಟೈರು ಜಾರುವುದಿಲ್ಲ, ಆಕ್ಸೆಲ್ ಶಾಫ್ಟ್ ತಿರುಚುತ್ತದೆ ಅಥವಾ ಪಿನಿಯನ್ ಹಲ್ಲು ಹಾರುತ್ತದೆ. "ಟ್ರಯಲ್‌ನಾಗ ಛಲೋ ಓಡಿತ್ತು, ಲೋಡ್ ಹಾಕಿದ ದಿನ ಹೋತು" ಎಂಬ ದೂರಿನ ಹಿಂದೆ ಇರುವುದು ಇದೇ.

ಹಳೆಯ ಮೂರು ಗೇರಿನ ಬಾಕ್ಸನ್ನೇ ಇಟ್ಟುಕೊಂಡರೆ? ಆಗ ತೊಂದರೆ ರಸ್ತೆಯ ಮೇಲೆ ಕಾಣುತ್ತದೆ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 606 ಸುತ್ತು, 5.38ರಿಂದ ಗುಣಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ 3,260 ಸುತ್ತು. ಆ ಡೀಸೆಲ್ ಎಂಜಿನ್ 3,200ರ ಹೊತ್ತಿಗೇ ತನ್ನ ಪೂರ್ತಿ ಪವರ್ ಕೊಟ್ಟು ಮುಗಿಸಿರುತ್ತದೆ. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋಗುವಷ್ಟರಲ್ಲಿ ಕಿವಿ ಕೆಡುತ್ತದೆ, ಡೀಸೆಲ್ ಲೆಕ್ಕವೂ ಕೆಡುತ್ತದೆ. ಅದೇ 4.3ರ ಹೌಸಿಂಗ್ ಇದ್ದರೆ ನೇರ ಗೇರಿನಲ್ಲಿ 2,600. ಮೇಲೊಂದು ಓವರ್‌ಡ್ರೈವ್ ಗೇರು (ಎಂಜಿನ್‌ಗಿಂತ ಶಾಫ್ಟ್ ವೇಗವಾಗಿ ತಿರುಗುವ ಗೇರು) ಇದ್ದರೆ ಇನ್ನೂ ಕಡಿಮೆ.

ನಿಮ್ಮ ಹೌಸಿಂಗಿನ ರೇಷಿಯೋ ತಿಳಿಯಲು ಬಿಚ್ಚಬೇಕಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹಿಂದಿನ ಒಂದು ಚಕ್ರ ಮಾತ್ರ ಜ್ಯಾಕ್ ಮೇಲೆತ್ತಿ. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಜಾಯಿಂಟ್ ಶಾಫ್ಟ್‌ಗೆ ಸುಣ್ಣದಿಂದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಷಿಯೋ. ಐದೂಕಾಲು ಸುತ್ತು ದಾಟಿ ಸ್ವಲ್ಪ ಹೋಯಿತೆಂದರೆ 5.38.

ಹೌಸಿಂಗ್ ಬದಲಿಸಲು ಇನ್ನೊಂದು ಕಾರಣವೂ ಇದೆ. ಹಳೆಯ ಫೋರ್ ವೀಲ್ ಜೀಪುಗಳಲ್ಲಿ ಹಿಂದಿನ ಡಿಫರೆನ್ಶಿಯಲ್ ಗಡಿಗೆ (ಹೌಸಿಂಗಿನ ಉಬ್ಬಿದ ಭಾಗ) ನಡುವೆ ಇರದೆ ಬಲಕ್ಕೆ ಸರಿದಿರುತ್ತದೆ, ಏಕೆಂದರೆ ಹಿಂದು-ಮುಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹೊರದಾರಿ ಅಲ್ಲಿದೆ. ಟೂ ವೀಲ್ ಬೊಲೆರೊ ಬಾಕ್ಸಿನ ಹೊರದಾರಿ ನೇರ ಹಿಂದಕ್ಕೆ. ಎರಡನ್ನೂ ಸೇರಿಸಿದರೆ ಶಾಫ್ಟ್ ಓರೆಯಾಗಿ ಓಡಿ ಅದರ ತುದಿಯ ಕೀಲಾದ ಕ್ರಾಸನ್ನು ತಿನ್ನುತ್ತದೆ. ನಿಮಗೆ ಫೋರ್ ವೀಲ್ ಬೇಕೇ ಬೇಕು ಎಂದಿದ್ದರೆ ಫೋರ್ ವೀಲ್ ಗಾಡಿಯನ್ನೇ ಹುಡುಕಿ ಪೂರ್ತಿ ಲೈನ್ ತೆಗೆಯಿರಿ. ಬರೀ ಬೆಲ್ಲ ಸಾಗಿಸಲು ಅದು ಬೇಡ. ಬೇರೆ ಹೌಸಿಂಗ್ ತರುವ ಮುನ್ನ ಡ್ರಮ್‌ನಿಂದ ಡ್ರಮ್‌ಗೆ ಅಗಲ ಅಳೆಯಿರಿ, ಚಕ್ರ ಮಡ್‌ಗಾರ್ಡ್ ಆಚೆ ಹೋಗಬಾರದು. ಚಕ್ರದ ಡಿಸ್ಕ್‌ನ ಬೋಲ್ಟ್ ತೂತೂ ಹೊಂದಬೇಕು, ಹಳೆಯ ಜೀಪಿನದು ಐದು ಬೋಲ್ಟ್, 139.7 ಮಿ.ಮೀ. ವೃತ್ತ. ಅಂದ ಹಾಗೆ, ಹಳೆಯ ಗಾಡಿಯ ಎಡಗಡೆ ಚಕ್ರದ ಬೋಲ್ಟ್‌ಗಳು ಉಲ್ಟಾ ಆಟೆಯವು, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥವು, ಇರಬಹುದು. ಪೈಪು ಸಿಕ್ಕಿಸಿ ಜಗ್ಗಿ ಮುರಿಯುವ ಮುನ್ನ ಮೇಲೆ "ಎಲ್" ಅಕ್ಷರ ಇದೆಯೇ ನೋಡಿ.

ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒ ಕಚೇರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಒಪ್ಪಿಗೆಯಿಲ್ಲದ ಬದಲಾವಣೆಗೆ 182ಎ ಕಲಮಿನಡಿ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಿಮ್ಮದು ಪೆಟ್ರೋಲ್‌ನಿಂದ ಡೀಸೆಲ್‌ಗೆ ಹೋಗುವ ಮಾತು. ಹಾಗಾಗಿ ಆರ್‌ಸಿ ಎಲ್ಲಿದೆಯೋ, ಜಮಖಂಡಿ ಇರಲಿ ಬಾಗಲಕೋಟೆ ಇರಲಿ, ಅಲ್ಲಿ ಬರವಣಿಗೆಯಲ್ಲಿ ಕೇಳಿ, ಒಪ್ಪಿಗೆ ಕೈಗೆ ಬಂದ ಮೇಲೆ ಸಾಮಾನು ಕೊಳ್ಳಿ. ಒಪ್ಪಿಗೆ ಸಿಗದಿದ್ದರೆ ಮೂಲ ಎಂಜಿನ್ ಬೋರ್ ಮಾಡಿಸುವುದೇ ದಾರಿ. ಗಾಡಿಗೆ 50 ವರ್ಷ ದಾಟಿದ್ದು ಎಲ್ಲವೂ ಮೂಲದ್ದೇ ಉಳಿದಿದ್ದರೆ 2021ರ ವಿಂಟೇಜ್ ನೋಂದಣಿ ಸಿಗಬಹುದು. ಎಂಜಿನ್ ಬದಲಿಸಿದಿರೋ ಆ ಬಾಗಿಲು ಮುಚ್ಚಿತು. ಬಾಡಿ ಗಟ್ಟಿ ಇದೆ ಎನ್ನುತ್ತೀರಿ, ಕತ್ತರಿ ಹಾಕುವ ಮುಂಚೆ ಇದನ್ನೊಂದು ಸಲ ಯೋಚಿಸಿ.

ಗುಜರಿ ಗಾಡಿ ಕೊಳ್ಳುವಾಗ ಎಂಜಿನ್ ನಂಬರಿನ ಸಮೇತ ಬಿಲ್ ಬೇಕು. ಕಾಮನ್ ರೈಲ್ ಎಂಜಿನ್ ಆದರೆ ಅದರದ್ದೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಆಕ್ಸಿಲರೇಟರ್ ಪೆಡಲ್ ಇಲ್ಲದೆ ತರಬೇಡಿ. ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಬೀಗ) ಇದ್ದರೆ ಅದರ ಕೀಲಿಯೂ ಜೊತೆಗೆ ಬರಬೇಕು. ಇವುಗಳಲ್ಲಿ ಒಂದು ಬಿಟ್ಟರೂ ಮನೆಗೆ ಬರುವುದು ಎರಡು ಕ್ವಿಂಟಲ್ ಕಬ್ಬಿಣ. ಹೊಲದ ಗಾಡಿಗೆ ನಮ್ಮ ಒಲವು ಮೆಕ್ಯಾನಿಕಲ್ ಪಂಪಿನ ಹಳೆಯ ಡಿಐ ಟರ್ಬೊ ಎಂಜಿನ್ ಕಡೆಗೆ. ಪಂಪಿನ ಸ್ಟಾಪ್ ಸೊಲೆನಾಯ್ಡ್‌ಗೆ 12 ವೋಲ್ಟ್ ಕೊಟ್ಟರೆ ಅದು ಓಡುತ್ತದೆ, ಮುಧೋಳದಲ್ಲೇ ರಿಪೇರಿ ಆಗುತ್ತದೆ. ಬಿಎಸ್-6 ಎಂಜಿನ್ ಅಂತೂ ಬೇಡ. ಅದರ ಸೈಲೆನ್ಸರ್ ಫಿಲ್ಟರ್, ಸೆನ್ಸರುಗಳಲ್ಲಿ ಒಂದು ಮಾತು ಕೇಳದಿದ್ದರೂ ಇಸಿಯು ಪವರ್ ಕಟ್ ಮಾಡುತ್ತದೆ.

ಇಷ್ಟು ಹೇಳಿದ ಮೇಲೂ ಹಳೆ ಬಾಕ್ಸಿಗೇ ಪ್ಲೇಟ್ ಹೊಡೆಸುವವರು ಇರುತ್ತಾರೆ. ಹಾಗಾದರೆ ಪ್ಲೇಟನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿ ಅಂದಾಜಿನಲ್ಲಿ ತೂತು ಹೊಡೆಸಬೇಡಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷೀನ್ ಶಾಪ್‌ಗಳಿಗೆ ಬರವಿಲ್ಲ, ಎಂಜಿನ್ ಹಿಂಬದಿ, ಬೆಲ್ ಹೌಸಿಂಗ್ ಎರಡನ್ನೂ ಒಯ್ದು ಅಲ್ಲೇ ಅಳತೆ ಮಾಡಿಸಿ. ಪ್ಲೇಟ್ ಕೂತ ಮೇಲೆ ಫ್ಲೈವೀಲ್‌ಗೆ ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಕಟ್ಟಿ, ಮುಳ್ಳನ್ನು ಬೆಲ್ ಹೌಸಿಂಗಿನ ನಡುವಣ ಬೋರಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳು ಒಟ್ಟು 0.25 ಮಿ.ಮೀ.ಗಿಂತ ಹೆಚ್ಚು ಆಡಬಾರದು, ಅಂದರೆ ನಡು 0.12ರಷ್ಟು ಮಾತ್ರ ಸರಿದಿರಬಹುದು. ಜಾಸ್ತಿ ಇದ್ದರೆ ನಡು ಸರಿದ (ಆಫ್‌ಸೆಟ್) ಡೋವೆಲ್ ಪಿನ್ ಹಾಕಿ ಸರಿಪಡಿಸಬೇಕು. ಇದನ್ನು ಬಿಟ್ಟವರ ಗಾಡಿ ಮೊದಲ ಗೇರಿಗೆ ಕರಕರ ಎನ್ನುತ್ತದೆ, ಆಮೇಲೆ ಟಾಪ್ ಗೇರು ತಾನೇ ಹಾರುತ್ತದೆ, ಕೊನೆಗೆ ಕ್ಲಚ್ ಪ್ಲೇಟಿನ ನಡು ಒಡೆಯುತ್ತದೆ. ಬೈಗುಳ ಮಾತ್ರ ಕ್ಲಚ್ ಕಂಪನಿಗೆ.

ಕೂರಿಸುವಾಗ ಮೊದಲು ಸಂಪ್ (ಎಂಜಿನ್ ತಳದ ಎಣ್ಣೆ ತಟ್ಟೆ) ನೋಡಿ. ಮುಂದಿನ ಆಕ್ಸೆಲ್ ಬಂಪ್ ಸ್ಟಾಪ್‌ಗೆ ಬಡಿದಾಗಲೂ ಸಂಪಿಗೆ 25 ಮಿ.ಮೀ. ಅಂತರ ಉಳಿಯಬೇಕು, ನಿಂತ ಗಾಡಿಯಲ್ಲಿ ಅಳೆದರೆ ಸಾಲದು. ಎಂಜಿನ್-ಬಾಕ್ಸಿನ ಗೆರೆ ಹಿಂದಕ್ಕೆ 2ರಿಂದ 4 ಡಿಗ್ರಿ ಇಳಿದಿರಲಿ, ಹೌಸಿಂಗಿನ ಪಿನಿಯನ್ ಅದಕ್ಕೆ ಸಮಾನಾಂತರವಾಗಿರಲಿ, ಒಂದು ಡಿಗ್ರಿಗಿಂತ ಹೆಚ್ಚು ತಪ್ಪಬಾರದು. ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಮಟ್ಟದಲ್ಲಿ ಕೂಡಿರಬೇಕು. ಒಂದು ಹಲ್ಲು ತಪ್ಪಿ ಸಿಕ್ಕಿಸಿದರೂ 50ರ ವೇಗದಲ್ಲಿ ತಳವೆಲ್ಲ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಎಂಜಿನ್ ಕೂರುವ ಫೌಂಡೇಶನ್ ಬ್ರಾಕೆಟ್‌ಗೆ 6 ಮಿ.ಮೀ. ಪ್ಲೇಟ್ ಬಳಸಿ, ಚಾಸಿಯ ಮೇಲು-ಕೆಳಗಿನ ಪಟ್ಟಿಗೆ ತೂತು ಹೊಡೆಯದೆ ಪಕ್ಕದ ಗೋಡೆಗೆ ಮಾತ್ರ ಬೋಲ್ಟ್ ಹಾಕಿ. ಯೂರಿಯಾ ಚೀಲ ಸಾಗಿಸಿದ ಗಾಡಿಯಾದರೆ ಕ್ಯಾಬಿನ್ ಹಿಂದಿನ ಚಾಸಿ ಭಾಗವನ್ನು ಸುತ್ತಿಗೆಯಿಂದ ಬಡಿದು ನೋಡಿ, ತುಕ್ಕು ಹಿಡಿದಿದ್ದರೆ ಅಲ್ಲಿಂದಲೇ ಕೆಲಸ ಶುರು.

ಬ್ರೇಕಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಇರುವುದಿಲ್ಲ. ಬೂಸ್ಟರ್ ಹಾಕಿದರೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು, ಅದು ಆಲ್ಟರ್ನೇಟರ್ ಹಿಂದೆಯೇ ಇರುವ ಸೆಟ್ ತಂದರೆ ಒಳ್ಳೆಯದು. ಒಂದೇ ಲೈನಿನ ಹಳೆಯ ಮಾಸ್ಟರ್ ಸಿಲಿಂಡರ್ ತೆಗೆದು ಎರಡು ಲೈನಿನದು ಹಾಕಿ. ಟರ್ಬೊ, ಸೈಲೆನ್ಸರ್ ಪೈಪು ಬಲಗಡೆ ಬಂದರೆ ಮಾಸ್ಟರ್ ಸಿಲಿಂಡರಿಗೂ ಸ್ಟೇರಿಂಗ್ ಬಾಕ್ಸಿಗೂ ಕಾವು ಬಡಿಯುತ್ತದೆ, ನಡುವೆ ತಗಡಿನ ಪರದೆ ಕಟ್ಟಿ.

ವೈರಿಂಗ್‌ನಲ್ಲಿ ಒಂದೇ ಮಾತು: ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ. ಹೊಸ ರಬ್ಬರ್ ಫೌಂಡೇಶನ್ ಮೇಲೆ ಕೂತ ಎಂಜಿನ್ನಿಗೆ ಅರ್ಥ್ ಸಿಗದಿದ್ದರೆ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದನ್ನೇ ಕಾಯಿಸಿ ಸುಡುತ್ತದೆ.

ಕೂಲಿಂಗ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ರೇಡಿಯೇಟರ್, ಫ್ಯಾನ್, ಫ್ಯಾನ್ ಸುತ್ತಲಿನ ಡಬ್ಬಿ ಮೂರೂ ಎಂಜಿನ್ ಬಂದ ಗಾಡಿಯವೇ ಇರಲಿ, ಫ್ಯಾನಿಗೂ ರೇಡಿಯೇಟರಿಗೂ 25 ಮಿ.ಮೀ. ಬಿಡಿ. ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು ಊರೂರಿನ ರೂಢಿ. ಆದರೆ ಬಹಳಷ್ಟು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಏರಿನಲ್ಲಿ ಗಾಡಿ ಇನ್ನಷ್ಟು ಕಾಯುತ್ತದೆ. ಬೋರ್‌ವೆಲ್ ನೀರನ್ನೂ ಹಾಕಬೇಡಿ, ಅದರ ಸುಣ್ಣ ರೇಡಿಯೇಟರ್ ನಳಿಗೆಗಳಲ್ಲಿ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಅರ್ಧರ್ಧ. ತುಂಬುವಾಗ ಮುಚ್ಚಳದ ಬಾಯಿ ಎಂಜಿನ್ ಹೆಡ್ಡಿಗಿಂತ ಎತ್ತರದಲ್ಲಿರಬೇಕು; ಹಳೆ ಬಾನೆಟ್ ಕೆಳಗೆ ಜಾಗ ಸಾಲದೆ ರೇಡಿಯೇಟರ್ ತಗ್ಗಿಗೆ ಕೂತಿದ್ದರೆ ಮೇಲೊಂದು ಹೆಡರ್ ಟ್ಯಾಂಕ್ ಕಟ್ಟಿಸಿ. ಇಲ್ಲದಿದ್ದರೆ ಹೆಡ್ಡಿನಲ್ಲಿ ಗಾಳಿ ಉಳಿದು ಗ್ಯಾಸ್ಕೆಟ್ ಹೋಗುತ್ತದೆ.

ಕೊನೆಗೆ ತೂಕ. ಸಕ್ಕರೆ ಕಾರ್ಖಾನೆ, ಬೆಲ್ಲದ ಪೇಟೆ ಇರುವಲ್ಲಿ ಗಾಡಿ ತೂಗುವ ಕಾಟಾಕ್ಕೆ ಕೊರತೆಯಿಲ್ಲ. ಕೆಲಸ ಶುರುವಾಗುವ ಮುನ್ನ ಸತ್ತ ಎಂಜಿನ್ ಸಮೇತ ಗಾಡಿಯನ್ನು ಎಳೆದೊಯ್ದು ಮುಂದಿನ ಎರಡು ಚಕ್ರಗಳನ್ನಷ್ಟೇ ಕಾಟಾ ಮೇಲೆ ನಿಲ್ಲಿಸಿ ಚೀಟಿ ಬರೆಸಿಕೊಳ್ಳಿ, ಮುಗಿದ ಮೇಲೆ ಇನ್ನೊಮ್ಮೆ. ಮುಂದೆ 40-50 ಕೆ.ಜಿ. ಏರಿದ್ದರೆ ಮುಂದಿನ ಸ್ಪ್ರಿಂಗ್‌ಗೆ ಒಂದೊಂದು ಪ್ಲೇಟ್ ಸೇರಿಸಿ, ಸಂಪಿನ ಅಂತರ ಮತ್ತೆ ಅಳೆಯಿರಿ. ಮೊದಲ ಓಟ ಖಾಲಿ, ಆಮೇಲೆ ಅರ್ಧ ಲೋಡ್, ಚೋರ್ಲಾ ಘಾಟಿನ ಮಾತು ಅದಾದ ಮೇಲೆ. 500 ಕಿ.ಮೀ. ಆದಾಗ ಫೌಂಡೇಶನ್, ಜಾಯಿಂಟ್, ಸ್ಪ್ರಿಂಗಿನ ಯು-ಬೋಲ್ಟ್ ಎಲ್ಲ ಮತ್ತೆ ಬಿಗಿಸಿ, ಹೌಸಿಂಗಿನ ಎಣ್ಣೆ ಇಳಿಸಿ ಅಯಸ್ಕಾಂತ ಆಡಿಸಿ. ಬೂದಿಯಂಥ ನುಣ್ಣನೆ ಪುಡಿ ಅಂಟಿದರೆ ಹೆದರಬೇಡಿ. ಚೂರು ಸಿಕ್ಕರೆ ಲೋಡ್ ಹಾಕುವ ಮೊದಲು ಕ್ರೌನ್ ಬಿಚ್ಚಿಸಿ.