ಹ್ಯಾಂಡಿಕ್ಯಾಪ್ ಸೊನ್ನೆಗೆ ಬಂದರೂ ಕ್ವಾಲಿಫೈಯರ್ ಯಾಕೆ ದಾಟಲ್ಲ?

ಪುಣೆಯಲ್ಲಿ ನನ್ನ ಹತ್ತಿರ ಗಾಲ್ಫ್ ಕಲಿಯಲು ಬರುವವರಲ್ಲಿ ಕನ್ನಡದವರು ಸಾಕಷ್ಟು ಮಂದಿ. ವಾರವೆಲ್ಲ ಹಿಂಜವಡಿ, ಖರಾಡಿಯ ಐಟಿ ಕಂಪನಿಗಳಲ್ಲಿ ಕೆಲಸ, ಶನಿವಾರ ಬೆಳಿಗ್ಗೆ ಯರವಡಾದ ಕೋರ್ಸ್. ಅವರಲ್ಲಿ ಚೆನ್ನಾಗಿ ಆಡುವವರು ಒಂದಲ್ಲ ಒಂದು ದಿನ ಈ ಮಾತು ತೆಗೆದೇ ತೆಗೆಯುತ್ತಾರೆ: "ಸರ, ನಂದು ಹ್ಯಾಂಡಿಕ್ಯಾಪ್ ಒಂದಕ್ಕ ಬಂದೈತ್ರಿ. ಪ್ರೊ ಟೂರ್ನಮೆಂಟಿನ ಕ್ವಾಲಿಫೈಯರ್ ಆಡ್ಲೇನ್ರಿ?"

ಹ್ಯಾಂಡಿಕ್ಯಾಪ್ ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಿಗಿಂತ (ಪಾರ್) ನೀವು ಒಳ್ಳೆಯ ದಿನ ಎಷ್ಟು ಹೆಚ್ಚು ಹೊಡೆಯುತ್ತೀರಿ ಅನ್ನೋ ಅಂದಾಜು; ಸೊನ್ನೆಗೆ ಹತ್ತಿರವಾದಷ್ಟೂ ಆಟ ಚೆನ್ನ. ಕ್ವಾಲಿಫೈಯರ್ ಅಂದರೆ ವೃತ್ತಿಪರರ, ಅಂದರೆ ಪ್ರೊಗಳ, ಟೂರ್ನಿಯಲ್ಲಿ ಜಾಗ ಗಿಟ್ಟಿಸಲು ಆಡುವ ಅರ್ಹತಾ ಸುತ್ತು. ಆಡಿ, ಬೇಡ ಅನ್ನಲ್ಲ. ಆದರೆ ಆ ಒಂದು ಅನ್ನೋದು ಹೇಗೆ ಬಂತು ಅಂತ ಮೊದಲು ನೋಡಿ.

2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ನಿಮ್ಮ ಕೊನೆಯ 20 ರೌಂಡ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಚೆನ್ನಾಗಿರುವ 8ರ ಸರಾಸರಿ ಹಾಕುತ್ತಾರೆ. ಉಳಿದ 12 ಲೆಕ್ಕಕ್ಕೇ ಇಲ್ಲ. ಕ್ವಾಲಿಫೈಯರ್ ಮಂಗಳವಾರ ಅಂತಿಟ್ಟುಕೊಳ್ಳಿ. ಆ ಮಂಗಳವಾರ ನೀವು ಆಡುವ ಆಟ ಆ 12ರ ಜಾತಿಗೇ ಸೇರುವ ಸಾಧ್ಯತೆ ಜಾಸ್ತಿ, ಅಲ್ವಾ?

ಇನ್ನೊಂದು ರಿಯಾಯಿತಿಯೂ ಇದೆ. ಸೊನ್ನೆ ಹ್ಯಾಂಡಿಕ್ಯಾಪ್‌ನವರು ಪಾರ್ 4 (ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ) ಹೋಲ್‌ನಲ್ಲಿ 9 ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅದು 6 ಮಾತ್ರ. ಡಬಲ್ ಬೋಗಿಗಿಂತ, ಅಂದರೆ ಪಾರ್ ಮೇಲೆ ಎರಡು ಹೊಡೆತಕ್ಕಿಂತ, ಮೇಲೆ ಹೋದದ್ದನ್ನು ಕತ್ತರಿಸಿಬಿಡುತ್ತಾರೆ. ಕ್ವಾಲಿಫೈಯರ್‌ನಲ್ಲಿ 9 ಅಂದರೆ 9. ಬೆಳಿಗ್ಗೆ ಎರಡನೇ ಹೋಲ್‌ನಲ್ಲಿ ಅದು ಬಿದ್ದರೆ ಉಳಿದ 16 ಹೋಲ್ ಬಿಸಿಲಲ್ಲಿ ಸುಮ್ನೆ ನಡೆದಾಡಿದ ಹಾಗೆ.

ಹಾಗಾಗಿ ನನ್ನ ಲೆಕ್ಕ ಬೇರೆ. ನಿಮ್ಮ ಒಳ್ಳೆಯ ಸ್ಕೋರ್ ಎಷ್ಟು ಅಂತ ನಾನು ಕೇಳಲ್ಲ. ಬ್ಯಾಟ್ ಬೀಸಿದ ಹಾಗೆ ಡ್ರೈವರ್ (ದೂರ ಹೊಡೆಯುವ ಕೋಲು) ಬೀಸಿ, ಒಂದೂ ಸರಿಯಾಗಿ ಕೂರದ ದಿನ ಎಷ್ಟಕ್ಕೆ ಮುಗಿಸಿದಿರಿ? 18 ಹೋಲ್‌ಗೆ 83 ಹೊಡೆತ ಅಂದರೆ ಇನ್ನೂ ಕಾಯಿರಿ. 75ರ ಆಸುಪಾಸು ಅಂದರೆ ಮಾತಾಡೋಣ.

ಈ ಕೆಟ್ಟ ದಿನವನ್ನೇ ಅಭ್ಯಾಸ ಮಾಡಿಸಲು ಒಂದು ಆಟ ಆಡಿಸುತ್ತೇನೆ. ಪ್ರತಿ ಸಲ ಎರಡು ಬಾಲ್ ಹೊಡೆಯಬೇಕು. ಯಾವುದು ಕೆಟ್ಟ ಜಾಗಕ್ಕೆ ಬಿತ್ತೋ ಅಲ್ಲಿಂದ ಮತ್ತೆ ಎರಡು. ಪಟ್ (ಹೋಲಿನ ಹತ್ತಿರ ಬಾಲನ್ನು ಉರುಳಿಸುವ ಹೊಡೆತ) ಕೂಡ ಹಾಗೇ: ಎರಡೂ ಒಳಗೆ ಹೋದರೆ ಮಾತ್ರ ಹೋಲ್ ಮುಗಿಯಿತು. ಒಂಬತ್ತು ಹೋಲ್ ಆಗುವಷ್ಟರಲ್ಲಿ ಮುಖ ಬಾಡಿರುತ್ತದೆ. ನನಗೆ ಬೈದುಕೊಳ್ಳುವವರೂ ಇದ್ದಾರೆ, ಬೈಯಲಿ. ಮರದ ಹಿಂದೆ ಬಿದ್ದ ಬಾಲನ್ನು ಹೀರೋ ಥರ ಸಂದಿಯಲ್ಲಿ ತೂರಿಸುವ ಬದಲು ಪಕ್ಕಕ್ಕೆ ಹೊಡೆದು ಬೋಗಿ (ಪಾರ್ ಮೇಲೆ ಒಂದು ಹೊಡೆತ) ಒಪ್ಪಿಕೊಳ್ಳುವುದನ್ನು ನನ್ನ ಭಾಷಣಕ್ಕಿಂತ ಈ ಆಟವೇ ಚೆನ್ನಾಗಿ ಕಲಿಸುತ್ತದೆ.

ಪಟ್ ವಿಷಯದಲ್ಲಿ ಟಿವಿ ನಮ್ಮನ್ನು ಹಾಳು ಮಾಡಿದೆ. ಅಲ್ಲಿ ತೋರಿಸುವುದೆಲ್ಲ ಒಳಗೆ ಹೋದ ಬಾಲ್‌ಗಳು. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್ ಆಟಗಾರರೇ 8 ಅಡಿಯಿಂದ ಹೆಚ್ಚುಕಮ್ಮಿ ಅರ್ಧದಷ್ಟು ಪಟ್‌ಗಳನ್ನು ಮಾತ್ರ ಹಾಕುತ್ತಾರೆ. ಆದರೆ 3 ಅಡಿಯಿಂದ ಅವರು ತಪ್ಪುವುದು ತೀರಾ ಅಪರೂಪ. ನಮ್ಮವರು ಸೋಲುವುದು ಅಲ್ಲೇ. ಯಾಕೆಂದರೆ ಭಾನುವಾರದ ಗೆಳೆಯರ ಆಟದಲ್ಲಿ 3 ಅಡಿ ಪಟ್ಟನ್ನು ಯಾರೂ ಆಡುವುದೇ ಇಲ್ಲ. "ಎತ್ಕೋ ಮಾರಾಯ" ಅಂದರೆ ಆಯಿತು. ಪ್ರತಿ ಹೊಡೆತವೂ ಎಣಿಕೆಯಾಗುವ ಸ್ಟ್ರೋಕ್ ಪ್ಲೇನಲ್ಲಿ ಎತ್ತಿಕೊಂಡ ಬಾಲನ್ನು ವಾಪಸ್ ಇಟ್ಟು ಹೋಲ್ ಮುಗಿಸದೆ ಮುಂದಿನ ಟೀನಿಂದ (ಹೋಲ್ ಶುರುವಾಗುವ ಜಾಗದಿಂದ) ಹೊಡೆದರೆ ಅನರ್ಹರಾಗುತ್ತೀರಿ. ಒಂದು ಹೋಲ್‌ಗೆ ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡ್ ಕೊಟ್ಟರೂ ಅಷ್ಟೇ. ಜಾಸ್ತಿ ಬರೆದುಕೊಟ್ಟರೆ ಆ ಜಾಸ್ತಿಯೇ ನಿಮ್ಮ ಸ್ಕೋರ್.

ಪುಣೆಯವರಿಗೆ ಇನ್ನೊಂದು ಎಚ್ಚರಿಕೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ. ಗಾಳಿ ತೆಳು, ಬಾಲ್ ಸ್ವಲ್ಪ ದೂರ ಹೋಗುತ್ತದೆ. ಇಲ್ಲಿ 150 ಗಜಕ್ಕೆ ಹೊಂದಿಸಿಕೊಂಡ ಐರನ್ (ಲೋಹದ ತಲೆಯ ಕೋಲು) ಹೊಡೆತ ಮುಂಬೈನ ಚೆಂಬೂರಿನಲ್ಲಿ, ಬಾಂಬೆ ಪ್ರೆಸಿಡೆನ್ಸಿ ಕ್ಲಬ್ಬಿನಲ್ಲಿ, ಎರಡು ಮೂರು ಗಜ ಮೊದಲೇ ಕೆಳಗಿಳಿಯುತ್ತದೆ. ಮುಂದೆ ಬಂಕರ್ (ಮರಳಿನ ಗುಂಡಿ) ಇದ್ದರೆ ಅಷ್ಟೇ ಸಾಕು. ಮೇಲೆ ಆ ಸೆಖೆಗೆ ಗ್ಲೌಸ್ ಒದ್ದೆಯಾಗುವುದು ಬೇರೆ. ಮೂರಾದರೂ ಗ್ಲೌಸ್ ಇಟ್ಟುಕೊಳ್ಳಿ, ಒಂದು ದಿನ ಮೊದಲೇ ಹೋಗಿ ಪ್ರತಿ ಐರನ್‌ನ ದೂರ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿ ಹೆದರಿಸುತ್ತಿಲ್ಲ. ಕ್ವಾಲಿಫೈಯರ್ ಮೂಲಕ ಒಳಗೆ ಹೋದವರು ಗೆಲ್ಲುವುದೂ ಉಂಟು. 2010ರಲ್ಲಿ ಅರ್ಜುನ್ ಅಟ್ವಾಲ್ ವಿಂಡಮ್ ಚಾಂಪಿಯನ್‌ಶಿಪ್‌ಗೆ ಸೋಮವಾರದ ಕ್ವಾಲಿಫೈಯರ್ ಆಡಿ ಜಾಗ ಗಿಟ್ಟಿಸಿದರು. ಭಾನುವಾರ ಪಿಜಿಎ ಟೂರ್ ಟೂರ್ನಿ ಗೆದ್ದ ಮೊದಲ ಭಾರತೀಯರಾದರು. ಅವರು ಹವ್ಯಾಸಿಯಲ್ಲ, ಪಳಗಿದ ಪ್ರೊ. ನೀವು ಆ ಬೆಳಿಗ್ಗೆ ಪೈಪೋಟಿ ಮಾಡುವುದು ಅಂಥವರ ಜೊತೆಗೇ.

ಕೊನೆಗೆ ಫಾರ್ಮ್. ಅಲ್ಲಿ ಹವ್ಯಾಸಿ ಅಂತಲೇ ಗುರುತು ಹಾಕಿ. ಹುರುಪಿನಲ್ಲಿ ಪ್ರೊ ಅಂತ ಬರೆದುಕೊಂಡು ಆಡಿದರೆ ಹವ್ಯಾಸಿ ಸ್ಥಾನ ಹೋಗುತ್ತದೆ, ಆಮೇಲೆ ಕ್ಲಬ್ಬಿನ ಹವ್ಯಾಸಿ ಟೂರ್ನಿಗಳೂ ಇಲ್ಲ. ಹವ್ಯಾಸಿಯಾಗಿ ಆಡಿದರೆ ದೊಡ್ಡ ದುಡ್ಡು ಸಿಗಲ್ಲ, ನಿಜ. 2024ರ ಜನವರಿಯಲ್ಲಿ ಅಮೆರಿಕದ ವಿದ್ಯಾರ್ಥಿ ನಿಕ್ ಡನ್ಲಪ್ ಹವ್ಯಾಸಿಯಾಗಿಯೇ ಪಿಜಿಎ ಟೂರ್ ಟೂರ್ನಿ ಗೆದ್ದಾಗ 15 ಲಕ್ಷ ಡಾಲರ್ ದಾಟಿದ ಮೊದಲ ಬಹುಮಾನ ಎರಡನೇ ಸ್ಥಾನದವರಿಗೆ ಹೋಯಿತು. ಆದರೂ ಆತುರ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2015ರ ಡಿಸೆಂಬರ್‌ನಲ್ಲಿ ಯುರೋಪಿನ ಮಹಿಳಾ ಟೂರ್‌ನ ಕ್ವಾಲಿಫೈಯಿಂಗ್ ಗೆದ್ದದ್ದು ಹವ್ಯಾಸಿಯಾಗಿ. ಪ್ರೊ ಆಗಿದ್ದು ಆಮೇಲೆ, 2016ರಲ್ಲಿ.