ಜ್ಯಾಂಗೋ ಓಡುತ್ತಿದೆ, ಎಡಿಟರ್‌ಗೆ ಮಾತ್ರ ಕಾಣುತ್ತಿಲ್ಲ

ಜ್ಯಾಂಗೋ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು. ಪೈಥಾನ್ ಪ್ಯಾಕೇಜ್‌ಗಳನ್ನು ಹಾಕಿಕೊಡುವ ಪಿಪ್‌ನಿಂದ ಅದು ಇನ್‌ಸ್ಟಾಲ್ ಆಯಿತು. ಸರ್ವರ್ ಶುರುವಾಗಿ ಬ್ರೌಸರ್‌ನಲ್ಲಿ ಎಲ್ಲ ಸರಿಯಿದೆ ಎನ್ನುವ ಜ್ಯಾಂಗೋದ ರಾಕೆಟ್ ಚಿತ್ರವೂ ಬಂತು. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಮಾತ್ರ, ಜ್ಯಾಂಗೋವನ್ನು ಕರೆಯುವ ಇಂಪೋರ್ಟ್ ಸಾಲಿನ ಕೆಳಗೆ ಹಳದಿ ಗೆರೆ: ಜ್ಯಾಂಗೋ ಸಿಗುತ್ತಿಲ್ಲವಂತೆ! ಹೊಸಬರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ನಾನೂ ಅಷ್ಟೇ, ಸುಮ್ನೆ ಮೂರು ಸಲ ಅಳಿಸಿ ಮತ್ತೆ ಹಾಕಿದ್ದೆ.

ಈ ಗಂಟು ಹಳೆಯದು. ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಜ್ಯಾಂಗೋ 2005ರಲ್ಲಿ ಎಲ್ಲರ ಕೈಗೆ ಬಂತು. ಒಂದು ಪ್ರಾಜೆಕ್ಟ್‌ಗೆ ಹಳೆ ಆವೃತ್ತಿ, ಇನ್ನೊಂದಕ್ಕೆ ಹೊಸದು ಬೇಕಾದರೆ ಒಂದೇ ಪೈಥಾನ್‌ನಲ್ಲಿ ಎರಡೂ ಕೂರುವುದಿಲ್ಲ. ಅದಕ್ಕೇ ಪ್ರತಿ ಪ್ರಾಜೆಕ್ಟ್‌ಗೂ ಬೇರೆಯೇ ಪೈಥಾನ್ ಜಾಗ ಮಾಡಿಕೊಡುವ ವರ್ಚುವಲ್‌ಎನ್ವ್ 2007ರಲ್ಲಿ ಬಂತು. 2012ರಲ್ಲಿ ಪೈಥಾನ್ 3.3ರ ಜೊತೆಗೇ ಅದೇ ಕೆಲಸ ಮಾಡುವ ವಿಎನ್ವ್ ಸೇರಿತು. ಈ ನಡುವೆ ಪೈಥಾನ್ 2 ಮತ್ತು 3 ಒಂದೇ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವು.

ವಿಎಸ್ ಕೋಡ್ ಬಂದಿದ್ದು 2015ರಲ್ಲಿ. ಅದಕ್ಕೆ ಪೈಥಾನ್ ಅರ್ಥವಾಗುವುದು ಎಕ್ಸ್‌ಟೆನ್ಶನ್ ಎಂಬ ಹೆಚ್ಚುವರಿ ಭಾಗ ಹಾಕಿದ ಮೇಲೆ. 2020ರಲ್ಲಿ ಬಂದ ಪೈಲ್ಯಾನ್ಸ್ ಎಂಬ ಇಂಥದೇ ಎಕ್ಸ್‌ಟೆನ್ಶನ್ ನಮ್ಮ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೇ. ಜ್ಯಾಂಗೋ ಯಾವ ಫೋಲ್ಡರ್‌ನಲ್ಲಿದೆ ಅಂತ ತಿಳಿಯಲು ಅದು ಎಡಿಟರ್‌ನಲ್ಲಿ ಆರಿಸಿದ ಪೈಥಾನನ್ನು ನೋಡುತ್ತದೆ. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ನೀವು ಆ್ಯಕ್ಟಿವೇಟ್ ಮಾಡಿದ, ಅಂದರೆ ಬಳಕೆಗೆ ತಂದ, ಪೈಥಾನ್ ಬೇರೆಯೇ ಇರಬಹುದು. ಒಂದೇ ಕಿಟಕಿ, ಒಳಗೆ ಎರಡು ಪೈಥಾನ್. ಹಳದಿ ಗೆರೆಯ ಗುಟ್ಟು ಇಷ್ಟೇ.

ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ 'ಸೆಲೆಕ್ಟ್ ಇಂಟರ್‌ಪ್ರಿಟರ್' ಹುಡುಕಿ, ಪ್ರಾಜೆಕ್ಟ್‌ನ ವಿಎನ್ವ್ ಆರಿಸಿದರೆ ಗೆರೆ ಮಾಯ. ಪಟ್ಟಿಯಲ್ಲಿ ಅದು ಕಾಣದಿದ್ದರೆ ತೆರೆದ ಫೋಲ್ಡರ್ ನೋಡಿ. ಹೊಸ ಪ್ರಾಜೆಕ್ಟ್ ಶುರುಮಾಡುವ ಜ್ಯಾಂಗೋದ ಸ್ಟಾರ್ಟ್‌ಪ್ರಾಜೆಕ್ಟ್ ಆಜ್ಞೆಗೆ ಮೈಸೈಟ್ ಅಂತ ಹೆಸರು ಕೊಟ್ಟರೆ, ಅದು ಮೈಸೈಟ್ ಫೋಲ್ಡರ್ ಒಳಗೆ ಇನ್ನೊಂದು ಮೈಸೈಟ್ ಮಾಡಿಡುತ್ತದೆ. ಒಳಗಿನದನ್ನು ತೆರೆದವರಿಗೆ ಹೊರಗಿನ ವಿಎನ್ವ್ ಎಲ್ಲಿ ಸಿಗಬೇಕು, ಅಲ್ವಾ? ಆಜ್ಞೆಯ ಕೊನೆಯಲ್ಲಿ ಒಂದು ಚುಕ್ಕಿ ಇಟ್ಟಿದ್ದರೆ ಆ ಹೊರಗಿನ ಪದರವೇ ಇರುತ್ತಿರಲಿಲ್ಲ. ಇಷ್ಟು ಸಣ್ಣ ಚುಕ್ಕಿಗೆ ಇಷ್ಟು ಜಾಸ್ತಿ ಕೆಲಸ!

ವಿಂಡೋಸ್‌ನವರಿಗೆ ಇನ್ನೊಂದು ಮುಚ್ಚಿದ ಬಾಗಿಲು. ಅಲ್ಲಿ ಆಜ್ಞೆಗಳನ್ನು ಓಡಿಸುವ ಪವರ್‌ಶೆಲ್ ಮೊದಲಿಗೆ ಸ್ಕ್ರಿಪ್ಟ್‌ಗಳನ್ನು, ಅಂದರೆ ಆಜ್ಞೆಗಳ ಫೈಲ್‌ಗಳನ್ನು, ಓಡದಂತೆ ತಡೆಯುತ್ತದೆ, ಆ್ಯಕ್ಟಿವೇಟ್ ಮಾಡುವ ಫೈಲೂ ಅದಕ್ಕೆ ಸ್ಕ್ರಿಪ್ಟೇ. ಹಾಗಾಗಿ ಬರುವ ದೋಷದ ಸಂದೇಶದ ಅಕ್ಷರವೆಲ್ಲ ಕೆಂಪು.

ಲಿನಕ್ಸ್‌ನ ಒಂದು ರೂಪವಾದ, 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಪಿಪ್ ಕೊಟ್ಟರೆ ಅದು ಒಪ್ಪುವುದೇ ಇಲ್ಲ, ವಿಎನ್ವ್ ಮಾಡಿಕೊಂಡು ಬಾ ಅನ್ನುತ್ತದೆ. ಮೊದಲು ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಹತ್ತು ವರ್ಷ ಮೊದಲೇ ಹೀಗೆ ಹೇಳಬಹುದಿತ್ತು.