ಗೇಮ್ ಸ್ಟೋರ್‌ಗಳ ಲಾಯಲ್ಟಿ ಪಾಯಿಂಟ್: ಆ ದುಡ್ಡು ಯಾರ ಜೇಬಿನಿಂದ ಬರುತ್ತದೆ?

ಪರೀಕ್ಷೆಗೆ ಓದುವವರಿಗಾಗಿ ಬರೆದ ಟಿಪ್ಪಣಿ ಇದು. ಲಾಯಲ್ಟಿ ಯೋಜನೆ ಅಂದರೆ ಮತ್ತೆ ಮತ್ತೆ ಬರುವ ಗ್ರಾಹಕರಿಗೆ ಪಾಯಿಂಟ್ ಅಥವಾ ಬಹುಮಾನ ಕೊಡುವುದು. ಅದರ ಪಾಠ ಸಾಮಾನ್ಯವಾಗಿ ವಿಮಾನ ಕಂಪನಿಯಿಂದಲೇ ಶುರುವಾಗುತ್ತದೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಮೈಲೇಜ್ ಯೋಜನೆ ತಂದಿತು. ಪದೇ ಪದೇ ಹಾರುವವರಿಗೆ ಉಚಿತ ಟಿಕೆಟ್. ಹೇಗೂ ಖಾಲಿ ಹೋಗಲಿದ್ದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡರೆ ಕಂಪನಿಗೆ ಬೀಳುವ ಖರ್ಚು ತೀರಾ ಕಡಿಮೆ. ಪ್ರಯಾಣಿಕರಿಗೆ ಮಾತ್ರ ಅದು ದೊಡ್ಡ ಉಡುಗೊರೆ. ಕೊಡುವವರಿಗೆ ಅಗ್ಗ, ಪಡೆಯುವವರಿಗೆ ದುಬಾರಿ. ಯೋಜನೆ ನಿಂತಿರುವುದೇ ಈ ಅಂತರದ ಮೇಲೆ.

ಈಗ ಆನ್‌ಲೈನ್ ಗೇಮ್ ಸ್ಟೋರ್‌ಗೆ ಬನ್ನಿ. ಡಿಜಿಟಲ್ ಗೇಮ್‌ನ ಇನ್ನೊಂದು ಪ್ರತಿಗೆ ಖರ್ಚು ಅಂತ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾದರೆ ಇಲ್ಲಿ ಪಾಯಿಂಟ್ ಹಂಚುವುದು ಇನ್ನೂ ಸುಲಭ ಇರಬೇಕು ಅಲ್ವಾ? ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲೇ. ವಿಮಾನದ ಸೀಟು ಆ ಕಂಪನಿಯ ಸ್ವಂತದ್ದು. ಸ್ಟೋರ್ ಮಾರುವುದು ಬೇರೆಯವರು ಮಾಡಿದ ಗೇಮ್. ಗ್ರಾಹಕರು ಪಾಯಿಂಟ್ ಕೊಟ್ಟು ಗೇಮ್ ತೆಗೆದುಕೊಂಡರೂ ಅದನ್ನು ಮಾಡಿದವರಿಗೆ ಅವರ ಪಾಲು ಸಲ್ಲಲೇಬೇಕು. ಅಂದರೆ ಸ್ಟೋರ್ ಕೊಡುವ ಒಂದೊಂದು ಪಾಯಿಂಟೂ ನಿಜವಾದ ದುಡ್ಡು.

ಲೆಕ್ಕ ಹಾಕಿ ನೋಡೋಣ

60 ಡಾಲರ್ ಬೆಲೆಯ ಒಂದು ಗೇಮ್ ತೆಗೆದುಕೊಳ್ಳಿ. ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಆನ್‌ಲೈನ್ ಸ್ಟೋರ್ ಸ್ಟೀಮ್‌ನ ಮಾಮೂಲಿ ಕಮಿಷನ್ 30%. ಅಂದರೆ ಸ್ಟೋರ್‌ಗೆ 18 ಡಾಲರ್, ಗೇಮ್ ಮಾಡಿದವರಿಗೆ 42. ಗ್ರಾಹಕರಿಗೆ 5% ವಾಪಸ್ ಕೊಡುತ್ತೇವೆ ಅಂತ ಇಟ್ಟುಕೊಳ್ಳಿ. 3 ಡಾಲರ್ ಹೋಗಿ ಸ್ಟೋರ್ ಬಳಿ 15 ಉಳಿಯುತ್ತದೆ. ಆರಾಮಾಗಿ ನಡೆಯುತ್ತದೆ.

ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗ ಇಟ್ಟ ಕಮಿಷನ್ 12%. ಅದೇ ಗೇಮ್ ಮೇಲೆ 7.20 ಡಾಲರ್. ಅದರಲ್ಲಿ 3 ಡಾಲರ್ ವಾಪಸ್ ಕೊಟ್ಟರೆ ಉಳಿಯುವುದು 4.20. ಕಾರ್ಡ್ ಪಾವತಿಯ ಶುಲ್ಕ, ಸರ್ವರ್, ಡೌನ್‌ಲೋಡ್ ಖರ್ಚು ಎಲ್ಲವೂ ಇದರಲ್ಲೇ ತೂಗಬೇಕು. ಗ್ರಾಹಕರಿಗೆ ಸಣ್ಣದಾಗಿ ಕಾಣುವ 5%, ಸ್ಟೋರ್‌ನ ಗಳಿಕೆಯಲ್ಲಿ ಹೆಚ್ಚುಕಡಿಮೆ 42% ತಿಂದುಹಾಕಿತು. ಈ ಒಂದು ಲೆಕ್ಕ ತಲೆಯಲ್ಲಿ ಕೂತರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹೀಗಿದ್ದೂ ಎಪಿಕ್ ಖರೀದಿಯ ಮೇಲೆ 5% ವಾಪಸ್ ಕೊಡುವ ಯೋಜನೆ ತಂದಿದೆ. 2025ರ ಜೂನ್‌ನಿಂದ ಒಂದು ಗೇಮ್‌ನ ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದ ಮೇಲೆ ಕಮಿಷನ್ನೇ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದೆ. ಆ ಮಿತಿಯೊಳಗಿನ ಮಾರಾಟದಲ್ಲಿ ಕೊಡುವ ಬಹುಮಾನ ನೇರವಾಗಿ ಕೈಯಿಂದ ಹೋಗುವ ದುಡ್ಡು. ಇದನ್ನು ಜಾಹೀರಾತಿನ ಖರ್ಚಿನ ಸಾಲಿಗೆ ಸೇರಿಸಿ ಓದಿದರೆ ಮಾತ್ರ ತಾಳೆಯಾಗುತ್ತದೆ.

ಅದೇ ಎಪಿಕ್ 2025ರಲ್ಲಿ ಫೋರ್ಟ್‌ನೈಟ್, ರಾಕೆಟ್ ಲೀಗ್, ಫಾಲ್ ಗೈಸ್ ಆಟಗಳಲ್ಲಿ ತನ್ನ ಪಾವತಿ ವ್ಯವಸ್ಥೆ ಮೂಲಕ ಕೊಂಡವರಿಗೆ 20% ಕೊಡಲು ಮುಂದಾಯಿತು. 5 ಎಲ್ಲಿ, 20 ಎಲ್ಲಿ! ಕಾರಣ ಸರಳ. ಮೂರೂ ಅದರದ್ದೇ ಗೇಮ್‌ಗಳು. ಹೊರಗಿನವರಿಗೆ ಕೊಡಬೇಕಾದ ಪಾಲಿಲ್ಲ. ಮೊಬೈಲ್ ಕಂಪನಿಯ ಆ್ಯಪ್ ಸ್ಟೋರ್‌ಗೆ ಹೋಗುತ್ತಿದ್ದ ಕಮಿಷನ್ ಕೂಡ ಉಳಿಯುತ್ತದೆ. ಗೇಮ್ ತಯಾರಿಸುವ ಯೂಬಿಸಾಫ್ಟ್ ತನ್ನ ಸ್ಟೋರ್‌ನಲ್ಲಿ 100 ಯೂನಿಟ್‌ಗೆ (ಅದರ ಪಾಯಿಂಟ್‌ನ ಹೆಸರು) 20% ರಿಯಾಯಿತಿ ಕೊಡುತ್ತಾ ಬಂದದ್ದೂ ಇದೇ ಧೈರ್ಯದಿಂದ. ಸ್ವಂತ ಸರಕು ಇದ್ದವರು ವಿಮಾನ ಕಂಪನಿಯ ಹಾಗೆ ಧಾರಾಳವಾಗಿರಬಹುದು.

ಖರ್ಚಿಲ್ಲದ ಬಹುಮಾನ

ಸ್ಟೀಮ್ ಬೇರೆ ದಾರಿ ಹಿಡಿಯಿತು. 2020ರ ಬೇಸಿಗೆ ಸೇಲ್ ಹೊತ್ತಿಗೆ ಪಾಯಿಂಟ್ಸ್ ಶಾಪ್ ತೆರೆಯಿತು. ಒಂದು ಡಾಲರ್ ಖರ್ಚಿಗೆ 100 ಪಾಯಿಂಟ್. ಅದರಿಂದ ಪ್ರೊಫೈಲ್ ಹಿನ್ನೆಲೆ, ಅವತಾರದ ಚೌಕಟ್ಟು, ಎಮೋಟಿಕಾನ್ ಸಿಗುತ್ತವೆ. ಗೇಮ್ ಬೆಲೆಯಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ. ಇಷ್ಟಪಟ್ಟು ಪ್ರೊಫೈಲ್ ಅಲಂಕರಿಸುವವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಅದು ನಿಜಕ್ಕೂ ಸಂತೋಷವೇ. ನನಗೆ ಇದರಲ್ಲಿ ತಕರಾರಿಲ್ಲ. ಇಲ್ಲಿ ಪಾಯಿಂಟ್ ದುಡ್ಡಿನ ವೇಷ ಹಾಕುವುದಿಲ್ಲ, ಅದು ಮುಖ್ಯ.

ಯಾರಿಗೆ ಬೇಕು ಈ ನಿಷ್ಠೆ?

ಟಿಪ್ಪಣಿಯ ತಿರುಳು ಇಲ್ಲಿದೆ, ನಿಧಾನವಾಗಿ ಓದಿ.

ದಿನಸಿ ಅಂಗಡಿ ಬದಲಿಸಲು ಏನೂ ಕಷ್ಟವಿಲ್ಲ. ಗೇಮ್ ಸ್ಟೋರ್ ಬದಲಿಸುವುದು ಅಷ್ಟು ಸುಲಭವಲ್ಲ. ಕೊಂಡ ಗೇಮ್‌ಗಳೆಲ್ಲ ಒಂದು ಖಾತೆಯಲ್ಲಿರುತ್ತವೆ. ಸ್ನೇಹಿತರ ಪಟ್ಟಿ, ಸೇವ್ ಫೈಲ್, ಸಾಧನೆಗಳ ದಾಖಲೆ ಎಲ್ಲವೂ ಅಲ್ಲೇ. ಗ್ರಾಹಕರು ಆಗಲೇ ಕಟ್ಟಿಬಿದ್ದಿರುತ್ತಾರೆ. ಹಾಗಾಗಿ ದೊಡ್ಡ ಸ್ಟೋರ್‌ಗೆ ಪಾಯಿಂಟ್‌ನ ಅಗತ್ಯ ಕಡಿಮೆ, ಹೊಸದಾಗಿ ಬಂದ ಸ್ಟೋರ್‌ಗೆ ಜಾಸ್ತಿ.

ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರಗಳ, ಅಂದರೆ ಕನ್ಸೋಲ್‌ಗಳ ಲೋಕದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಡಿಜಿಟಲ್ ಅಂಗಡಿ ಸಾಮಾನ್ಯವಾಗಿ ಒಂದೇ, ಕನ್ಸೋಲ್ ಮಾಡಿದ ಕಂಪನಿಯದ್ದು. ನಿಂಟೆಂಡೊ ಡಿಜಿಟಲ್ ಖರೀದಿಗೆ 5% ಗೋಲ್ಡ್ ಪಾಯಿಂಟ್ ಕೊಡುತ್ತಿತ್ತು, ಗೇಮ್ ತುಂಬಿದ ಕಾರ್ಟ್ರಿಡ್ಜ್ ಕೊಂಡರೆ 1%. ಈ ವ್ಯತ್ಯಾಸ ಗಮನಿಸಿ. ಪಾಯಿಂಟ್‌ಗಳು ಜನರನ್ನು ಹೊರಗಿನ ಅಂಗಡಿಯಿಂದ ತನ್ನ ಸ್ಟೋರ್ ಕಡೆಗೆ ತಳ್ಳುತ್ತಿದ್ದವು. 2025ರ ಮಾರ್ಚ್‌ನಲ್ಲಿ ಗೋಲ್ಡ್ ಪಾಯಿಂಟ್ ಕೊಡುವುದನ್ನು ನಿಲ್ಲಿಸಿತು. ಸೋನಿ 2022ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ ಪ್ಲೇಸ್ಟೇಷನ್ ಸ್ಟಾರ್ಸ್ ಎಂಬ ಪಾಯಿಂಟ್ ಯೋಜನೆಯನ್ನು ಮುಚ್ಚುವುದಾಗಿ 2025ರಲ್ಲೇ ಹೇಳಿತು. ನನ್ನ ಓದಿನ ಪ್ರಕಾರ, ಜನ ಡಿಜಿಟಲ್‌ಗೆ ಒಗ್ಗಿಕೊಂಡ ಮೇಲೆ ಅವರನ್ನು ತಳ್ಳುವ ಅಗತ್ಯ ಉಳಿಯಲಿಲ್ಲ. ಗ್ರಾಹಕರಿಗೆ ಬೇರೆ ದಾರಿ ಇರುವ ತನಕ ಮಾತ್ರ ಅಂಗಡಿ ಅವರನ್ನು ಓಲೈಸುತ್ತದೆ.

ಕಾರ್ ವಾಷ್ ಪ್ರಯೋಗ

2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಪ್ರಕಟಿಸಿದ ಅಧ್ಯಯನ ಇದು. ಕಾರ್ ತೊಳೆಯುವ ಒಂದು ಕಡೆ 300 ಗ್ರಾಹಕರಿಗೆ ಕಾರ್ಡ್ ಕೊಟ್ಟರು. ಅರ್ಧ ಜನರ ಕಾರ್ಡ್‌ನಲ್ಲಿ 8 ಮುದ್ರೆ ಬೀಳಬೇಕು, ಆಮೇಲೆ ಒಂದು ಸಲ ಉಚಿತ. ಉಳಿದವರ ಕಾರ್ಡ್‌ನಲ್ಲಿ 10 ಮುದ್ರೆ ಬೇಕು, ಆದರೆ 2 ಮೊದಲೇ ಒತ್ತಿದ್ದರು. ಎರಡರಲ್ಲೂ ಬಾಕಿ ಇದ್ದದ್ದು ಎಂಟೇ. ಮೊದಲ ಗುಂಪಿನಲ್ಲಿ 19% ಜನ ಕಾರ್ಡ್ ಪೂರ್ತಿ ಮಾಡಿದರು, ಎರಡನೆಯದರಲ್ಲಿ 34%. ಸುಮ್ನೆ ಎರಡು ಮುದ್ರೆ ಒತ್ತಿದ್ದಕ್ಕೆ ಇಷ್ಟು ವ್ಯತ್ಯಾಸ! ಆಗಲೇ ಸ್ವಲ್ಪ ದಾರಿ ಬಂದಿದ್ದೇವೆ ಅನಿಸಿದರೆ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ.

ಗೇಮ್‌ಗಳು ನಡೆಯುವುದೇ ಈ ಮನಸ್ಸಿನ ಮೇಲೆ. ಲೆವೆಲ್, ಬ್ಯಾಡ್ಜ್, ತುಂಬುತ್ತಾ ಹೋಗುವ ಪಟ್ಟಿ. ಆಟದೊಳಗೆ ಅದು ಖುಷಿ. ಆದರೆ ಅದೇ ಪಟ್ಟಿಯನ್ನು ಖರೀದಿಗೆ ಅಂಟಿಸಿ "ಇನ್ನೊಂದು ಗೇಮ್ ಕೊಂಡರೆ ಮುಂದಿನ ಹಂತ" ಎಂದರೆ ಆಟವಾಡುವ ಆಸೆ ಕೊಳ್ಳುವ ಆಸೆಯಾಗಿ ಬದಲಾಗುತ್ತದೆ. ಈ ಅಂಗಡಿಗಳಲ್ಲಿ ಮಕ್ಕಳೂ ಇರುತ್ತಾರೆ. ಇದನ್ನು ನಾನು ಸಣ್ಣ ವಿಷಯ ಅಂತ ಬಿಡಲಾರೆ. ಪ್ಲೇಸ್ಟೇಷನ್ ಸ್ಟಾರ್ಸ್‌ನಲ್ಲಿ ನಾಲ್ಕು ಹಂತಗಳಿದ್ದವು. ಮೇಲಿನ ಹಂತದವರಿಗೆ ಕೆಲವು ದೇಶಗಳಲ್ಲಿ ಗ್ರಾಹಕ ಸೇವೆಯ ಚಾಟ್‌ನಲ್ಲಿ ಆದ್ಯತೆಯೂ ಇತ್ತು. ತೊಂದರೆಯಲ್ಲಿದ್ದವರಿಗೆ ಸಹಾಯ ಮಾಡುವಾಗ ಖರ್ಚಿನ ಲೆಕ್ಕ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಕೊಡಬೇಕಾ?

ಕೊಡಲಿ. ಆದರೆ ನೇರವಾಗಿ ದುಡ್ಡಿನ ರೂಪದಲ್ಲಿ ಕೊಡಲಿ. 60 ಡಾಲರ್‌ಗೆ 3 ಡಾಲರ್ ವಾಪಸ್ ಅಂದರೆ ಯಾರಿಗೂ ಗೊಂದಲವಿಲ್ಲ. 4,750 ಪಾಯಿಂಟ್ ಅಂದರೆ ಎಷ್ಟು ಅಂತ ಯಾರಿಗೆ ಗೊತ್ತು? ದಿನಾ ಲಾಗಿನ್ ಆದರೆ ಪಾಯಿಂಟ್, ಖರ್ಚಿಗೆ ತಕ್ಕ ಹಂತ, ಇವೆರಡೂ ಬೇಡ.

ರೀಫಂಡ್ ಜೊತೆ ಯೋಜನೆ ಹೇಗೆ ಹೊಂದುತ್ತದೆ ಅಂತಲೂ ನೋಡಬೇಕು. ಸ್ಟೀಮ್‌ನಲ್ಲಿ 2015ರಿಂದ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನನ್ನ ಮಟ್ಟಿಗೆ, ಇಂಥ ನಿಯಮ ಯಾವುದೇ ಪಾಯಿಂಟ್‌ಗಿಂತ ದೊಡ್ಡ ನಂಬಿಕೆ ಹುಟ್ಟಿಸುತ್ತದೆ. ಒಂದು ಸ್ಟೋರ್ ಎರಡರಲ್ಲಿ ಒಂದಕ್ಕೆ ಮಾತ್ರ ಖರ್ಚು ಮಾಡಬಲ್ಲುದಾದರೆ ಮೊದಲು ರೀಫಂಡ್ ಸರಿಮಾಡಲಿ.

ಇನ್ನು ಅವಧಿ. ನಿಂಟೆಂಡೊ ಗೋಲ್ಡ್ ಪಾಯಿಂಟ್ 12 ತಿಂಗಳಲ್ಲಿ ಮುಗಿಯುತ್ತಿತ್ತು. ಪ್ಲೇಸ್ಟೇಷನ್ ಸ್ಟಾರ್ಸ್ ಪಾಯಿಂಟ್ ಬಳಸಲು ಸೋನಿ 2026ರ ನವೆಂಬರ್ 2ರವರೆಗೆ ಸಮಯ ಕೊಟ್ಟಿದೆ. ಕಂಪನಿಯ ಲೆಕ್ಕಪತ್ರದಲ್ಲಿ ಬಳಕೆಯಾಗದ ಪಾಯಿಂಟ್ ಒಂದು ಬಾಕಿ ಹೊಣೆ. 2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್ 15ರ ಪ್ರಕಾರ, ಮಾರಾಟದಲ್ಲಿ ಪಾಯಿಂಟ್‌ಗೆ ಸೇರಿದ ಪಾಲಿನ ಆದಾಯವನ್ನು ಪಾಯಿಂಟ್ ಬಳಕೆಯಾಗುವ ತನಕ ಅಥವಾ ಅವಧಿ ಮುಗಿಯುವ ತನಕ ಮುಂದಕ್ಕೆ ಹಾಕಬೇಕು. ಅವಧಿ ಚಿಕ್ಕದಿದ್ದಷ್ಟೂ ಕಂಪನಿಗೆ ಹಗುರ, ಮರೆತ ಗ್ರಾಹಕರಿಗೆ ನಷ್ಟ. ಯೋಜನೆ ನಿಲ್ಲಿಸಿದರೆ ಎಷ್ಟು ತಿಂಗಳ ಸಮಯ ಕೊಡುತ್ತೇವೆ ಎಂಬುದನ್ನು ಮೊದಲ ದಿನವೇ ನಿಯಮದಲ್ಲಿ ಬರೆದಿಡಬೇಕು.

ಅಭ್ಯಾಸಕ್ಕೆ ಒಂದು ಲೆಕ್ಕ. 2018ರ ಕೊನೆಯಿಂದ ಸ್ಟೀಮ್‌ನಲ್ಲಿ ಒಂದು ಗೇಮ್‌ನ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಅಲ್ಲಿಂದ ಮುಂದಿನ ಮಾರಾಟಕ್ಕೆ ಕಮಿಷನ್ 25%, 5 ಕೋಟಿ ದಾಟಿದರೆ 20%. 40 ಡಾಲರ್‌ನ ಗೇಮ್ ಒಂದು 5 ಕೋಟಿ ದಾಟಿದೆ. ಸ್ಟೋರ್ 5% ವಾಪಸ್ ಕೊಟ್ಟರೆ ಎಷ್ಟು ಉಳಿಯುತ್ತದೆ? 10% ಕೊಟ್ಟರೆ? ಉತ್ತರ 6 ಡಾಲರ್ ಮತ್ತು 4 ಡಾಲರ್ ಬರಬೇಕು. ಇದೇ ಲೆಕ್ಕವನ್ನು 12% ಕಮಿಷನ್‌ಗೂ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.